ನೆಲ ಡೊಂಕು

ಕುಣಿಯಲಾರದವಳಿಗೆ ನೆಲ ಡೊಂಕು. ಒಪ್ಪಿದೆ.
ಆದರೆ ಶೆಫೀಲ್ಡಿನ ಆ ಕ್ರೀಡಾಂಗಣದ ನೆಲ
ನಿಜಕ್ಕೂ ಡೊಂಕಿತ್ತು,
ಬಾಗಿಲ ಕಡೆಗೆ ಒಂದು ಬೆರಳಿನಷ್ಟು ಇಳಿಜಾರು.
ನಾನು ಭೂವಿಜ್ಞಾನ ಓದುವವಳು,
ಇಂಥದ್ದು ನನ್ನ ಪಾದಕ್ಕೆ ಮೊದಲು ತಿಳಿಯುತ್ತದೆ.

ಬೆಳಗಿನ ಐದಕ್ಕೆ ಲ್ಯಾಂಕಾಸ್ಟರ್ ಬಿಟ್ಟ ಬಸ್ಸು.
ಹೊರಗೆ ಗುಡ್ಡದ ಮೇಲೆ ಹಿಮ, ಒಳಗೆ ಹೇರ್‌ಸ್ಪ್ರೇಯ ಮೋಡ,
ಯಾರದೋ ಬಾಳೆಹಣ್ಣು, ಯಾರಿಗೋ ವಾಂತಿಯ ಭಯ.
ಬ್ರೋನಾ ನನ್ನ ತೊಡೆಗೆ ಕನ್ನಡಿ ಒರಗಿಸಿ
ಒಂದು ಕಣ್ಣಿಗೆ ರೆಪ್ಪೆ ಅಂಟಿಸಿಕೊಂಡಳು.
ಇನ್ನೊಂದಕ್ಕೆ ಬರುವಷ್ಟರಲ್ಲಿ ತಿರುವು ಬಂತು.

ಕ್ಲಬ್ಬಿನಲ್ಲಿ ಹುಡುಗಿಯರು ಮೂವತ್ತೊಂದು, ಹುಡುಗರು ಒಂಬತ್ತು.
"ಉದ್ದ ಇದ್ದೀಯ ಟ್ಯಾಮ್ಸಿನ್, ನೀನೇ ಗಂಡಿನ ಹೆಜ್ಜೆ ಕಲಿ"
ಅಂದಿದ್ದರು ಅಕ್ಟೋಬರಿನಲ್ಲಿ ವಿನಿಫ್ರೆಡ್,
ಸೊಂಟದ ಎರಡೂ ಕೀಲು ಬದಲಾಯಿಸಿಕೊಂಡು
ಇನ್ನೂ ನೆಟ್ಟಗೆ ನಿಲ್ಲುವ ಹೆಂಗಸು.
"ಬಾಯಲ್ಲಿ ಹೇಳಬೇಡ, ತೋಳಲ್ಲಿ ತಳ್ಳಬೇಡ.
ನೀನು ಹೋಗು. ಹೋದರೆ ಅವಳಿಗೆ ಗೊತ್ತಾಗುತ್ತೆ."
ನಾಲ್ಕು ತಿಂಗಳು ಹೋದೆ.
ಅವಳಿಗೆ ಗೊತ್ತಾದದ್ದು ಹೆಚ್ಚಾಗಿ ಕಾಲಿನ ಹೆಬ್ಬೆರಳಲ್ಲಿ.

ನಾನು ಬಗ್ಗಿ ಷೂ ಲೇಸು ಬಿಗಿಯುವಾಗಲೇ
ಎದುರು ನಿಂತು ಬೆನ್ನಿಗೆ ಸಂಖ್ಯೆ ಚುಚ್ಚಿದಳು ಬ್ರೋನಾ.
ನಾಲ್ಕು ಪಿನ್ನು, ಮೂರು ಅಂಗಿಗೆ, ಒಂದು ನನಗೆ.
ನರ್ಸಿಂಗ್ ಎರಡನೇ ವರ್ಷ;
"ಅಲುಗಾಡಬೇಡ" ಅನ್ನುವುದು ಅವಳಿಗೆ ಬಾಯಿಪಾಠ.
ಎಂಬತ್ತಾರು.
ನನ್ನ ಬೆನ್ನು ನನಗೆ ಕಾಣದು.
ಅವಳಿಗೆ ಕಾಣುವುದು ನನ್ನ ಭುಜದಾಚೆಯ ಟ್ಯೂಬ್‌ಲೈಟು.

ವಾಲ್ಟ್ಸ್.
ಇಡೀ ಅಂಗಳ ಅಪ್ರದಕ್ಷಿಣೆ ಸುತ್ತುತ್ತಿತ್ತು:
ಹದಿನಾಲ್ಕು ಜೋಡಿ, ಬಾಡಿಗೆ ಕೋಟು, ಕಂದಿದ ಸ್ಯಾಟಿನ್,
ಕಾಲಡಿ ಬ್ಯಾಸ್ಕೆಟ್‌ಬಾಲಿನ ಕೆಂಪು ಗೆರೆ, ಬ್ಯಾಡ್ಮಿಂಟನ್ನಿನ ಹಳದಿ ಗೆರೆ,
ಒಂದ್ ಎರಡ್ ಮೂರ್, ಒಂದ್ ಎರಡ್ ಮೂರ್,
ತುಟಿ ಅಲುಗುತ್ತಿದೆ ಅಂತ ಗೊತ್ತು, ನಿಲ್ಲಿಸಲಾರೆ,
ಮೂಲೆ ಬಂತು.
ಮೂಲೆಗೆಂದೇ ಒಂದು ತಿರುವು ಕಲಿತಿದ್ದೆವು.
ಅದು ಬಸ್ಸಿನಲ್ಲೇ ಉಳಿದಿತ್ತು.

ಅಲ್ಲೇ ನಿಂತೆವು. ಮೊದಲ ದಿನ ಹೇಳಿಕೊಟ್ಟ ಚೌಕ,
ಮತ್ತೆ ಅದೇ ಚೌಕ, ಇನ್ನೊಂದು,
ಪಾಯ ಹಾಕಲು ಜಾಗ ಅಳೆಯುವವರ ಹಾಗೆ.
ಉಳಿದವರು ನಮ್ಮನ್ನು ಬಳಸಿ ಹೋದರು,
ಹೊಳೆ ಕಲ್ಲನ್ನು ಬಳಸಿ ಹೋದಂತೆ.
ಬ್ರೋನಾ ನಗತೊಡಗಿದಳು, ಸದ್ದಿಲ್ಲದೆ.
ಅವಳ ಪಕ್ಕೆಲುಬಿನ ನಡುಕ ನನ್ನ ಅಂಗೈಗೆ ಬಂತು.
ಆಗ, ಯಾಕೋ, ಹೋದೆ.
ಹೇಳಲಿಲ್ಲ, ತಳ್ಳಲಿಲ್ಲ. ಇಳಿಜಾರು ಎಳೆದಿರಬೇಕು.
ನಾನು ಹೋಗುವಲ್ಲಿ ಅವಳು ಆಗಲೇ ಇದ್ದಳು.
ಬಾಗಿಲತನಕ ಎಷ್ಟು ಹೆಜ್ಜೆಯೋ,
ಎಣಿಕೆ ಬಿಟ್ಟುಹೋಗಿತ್ತು.

ಗೋಡೆಗೆ ಕಾಗದ ಅಂಟಿಸಿದರು.
ಎಂಬತ್ತಮೂರು ಇದೆ. ತೊಂಬತ್ತೆಂಟು ಇದೆ.
ಎಂಬತ್ತಾರು ಇಲ್ಲ.
"ಮಕ್ಕಳೇ," ಹಿಂದೆ ನಿಂತು ವಿನಿಫ್ರೆಡ್ ಕೆಮ್ಮಿದರು,
"ಇದನ್ನು ತಲೆಕೆಳಗು ಚುಚ್ಚಿದವರು ಯಾರು?"

ನಿಜವಾದ ತೊಂಬತ್ತೆಂಟು ಲೀಡ್ಸಿನ ಹುಡುಗ,
ಟೋಬೆನ್ನಾ ಅಂತ. ಫೋನಿನಲ್ಲಿ ಕೂಗುತ್ತಿದ್ದ:
"ಎರಡು ಸಲ ಬಿದ್ದೆವಮ್ಮಾ, ಎರಡು ಸಲ!
ಆದರೂ ಕರೆದಿದ್ದಾರೆ!"

ಬ್ರೋನಾ ನನ್ನ ಮುಖ ನೋಡಿದಳು,
ಒಂದು ಕಣ್ಣು ರಾಣಿಯದು, ಒಂದು ಕಣ್ಣು ಅವಳದೇ.
ತೀರ್ಪುಗಾರರ ಮೇಜು ಹತ್ತು ಮಾರು ದೂರ.
ನಾವು ಚಿಪ್ಸ್ ಕೊಂಡೆವು.
ವಿನಿಗರ್ ಹೆಚ್ಚಾಗಿತ್ತು.

ಎರಡನೇ ಸುತ್ತಿಗೆ ಬೆಂಚು ಹತ್ತಿ ಕೂಗಿದೆವು,
ತೊಂಬತ್ತೆಂಟು! ತೊಂಬತ್ತೆಂಟು!
ಗಂಟಲು ಹರಿಯುವಂತೆ, ನಾಚಿಕೆ ಬಿಟ್ಟು.
ಯಾರಿವರು ಎಂದು ಆತ ತಿರುಗಿ ನೋಡಿದ,
ತಾಳ ತಪ್ಪಿತು,
ಮೂಲೆಯಲ್ಲಿ ಸಿಕ್ಕಿಕೊಂಡು ಚೌಕ ಹಾಕತೊಡಗಿದ.

ಬಾಗಿಲ ಕಡೆ, ಮಾರಾಯಾ!
ಬಾಗಿಲ ಕಡೆ ಹೋಗು, ಅಲ್ಲಿ ಇಳಿಜಾರಿದೆ!