ಒಂಬತ್ತನೆಯ ಬೈಗುಳ

ನೀರು ಕುಡಿಯದ ಎಂಜಿನ್ನು, ಗಾಳಿಯೇ ಅದರ ಅನ್ನ.
ಉಂಡು ಉಗುಳಿದ ಉರಿಯೇ ನಮ್ಮ ಕಾಲಿಗೆ ಬಿಸಿ,
ಬರಬೇಕಿತ್ತು.

ಹತ್ತೊಂಬತ್ತು ಚಳಿಗಾಲ ಆಲ್ಗೊಯ್ ಏರುಗಳಲ್ಲಿ
ತೊಡೆಗೆ ಕುದುರೆಗಂಬಳಿ ಸುತ್ತಿ
ಗಾಜಿನ ಹಿಮವನ್ನು ಒಳಗಿನಿಂದ ಕೆರೆದವಳು ನಾನು.

ಈ ನವೆಂಬರಿನಲ್ಲಿ ವೆಂಡೆಲಿನ್
ಕೊನೆಗೂ ಕಾರಿನಡಿ ಮಲಗಿದ.
ತುಕ್ಕು ತಿಂದ ಬೋಲ್ಟು ನಾಲ್ಕು ಮುರಿದವು,
ಬೈಗುಳ ಎಂಟು.
ಬಾಗಿಲಡಿಯ ಕೊಳವೆಯಿಂದ ಇಲಿಗೂಡು ಹೊರಬಂತು:
ಅಕ್ರೋಟು ಸಿಪ್ಪೆ, ಹರಿದ ಭೂಪಟ,
ಎಂದೋ ಕಳೆದ ನನ್ನ ಕೈಗವಸಿನ ಹೆಬ್ಬೆರಳು.

"ಇಲಿಗಾದರೂ ಬೆಚ್ಚಗಿತ್ತು" ಅಂದೆ. ಅವನು ನಗಲಿಲ್ಲ.

ಇವತ್ತು ಸೀಟುಗಳ ನಡುವಿನ ಕೆಂಪು ಹಿಡಿ ಎತ್ತಿದ.
ಮೊದಲು ಸುಟ್ಟ ಎಣ್ಣೆಯ ವಾಸನೆ,
ಆಮೇಲೆ ಬೆಕ್ಕಿನ ಹಾಗೆ
ಪಾದಕ್ಕೆ ಬಂದು ಒರಗಿದ ಗಾಳಿ.

ಸೊಂಥೋಫೆನ್ ದಾಟುವ ಮೊದಲೇ
ಸೆಕೆ ಅಂತ ಕಿಟಕಿ ಇಳಿಸಿದೆ.
ಒಂಬತ್ತನೆಯದು ನನ್ನ ಪಾಲಿಗೆ ಬಂತು.