ಗಾಳಿಯ ತಿಂಗಳು

ಪುಂತಾ ಅರೇನಾಸ್‌ಗೆ ಅಕ್ಟೋಬರ್ ಬಂದರೆ
ನಗರಸಭೆಯವರು ಚೌಕದ ಬದಿಗೆ ಹಗ್ಗ ಬಿಗಿಯುತ್ತಾರೆ,
ದೊಡ್ಡವರು ಹಾರಿಹೋಗದ ಹಾಗೆ.
ಚಿಕ್ಕವರಿಗೆ ಏನು ಬಿಗಿಯಬೇಕು
ಸುತ್ತೋಲೆಯಲ್ಲಿ ಬರೆದಿಲ್ಲ.

ಈ ತಗಡು ಮಾಡಿನ ಶಿಶುವಿಹಾರದಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ಎಲ್ಲರಿಗೂ ತೀಯಾ, ಅಂದರೆ ಚಿಕ್ಕಮ್ಮ.
ತೀಯಾ ಇಸ್ಮೇನಿಯಾ, ಮೂಗು.
ತೀಯಾ, ಅವಳು ನನ್ನ ನೆರಳು ತುಳಿದಳು.
ಜೂನ್‌ನಲ್ಲಿ ಇವರೇ ಬೇರೆ ಮಕ್ಕಳು:
ಬೆಳಗಿನ ಹತ್ತರವರೆಗೂ ಕತ್ತಲು,
ಕೋಟು ಬಿಚ್ಚುವಾಗಲೇ ನನ್ನ ತೋಳಿನ ಮೇಲೆ ತೂಕಡಿಸಿ
‘ಇನ್ನೂ ರಾತ್ರಿ ಅಲ್ವಾ, ಅಮ್ಮ ಯಾಕೆ ಬಿಟ್ಟುಹೋದಳು’ ಎನ್ನುವವರು.
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.
ದೀಪ ಸಣ್ಣ ಮಾಡಿ, ಒಲೆಯ ಹತ್ತಿರ ಚಾಪೆ ಎಳೆಯುತ್ತೇನೆ, ಅಷ್ಟೆ.
ಜನವರಿಯಲ್ಲಿ ರಾತ್ರಿ ಹತ್ತಾದರೂ ಮುಳುಗದ ಸೂರ್ಯ
ಅವರ ಕಣ್ಣಿಂದ ನಿದ್ದೆ ಕದ್ದು
ಮರುದಿನದ ಸೂಪಿನಲ್ಲಿ ಬಚ್ಚಿಟ್ಟಿರುತ್ತಾನೆ:
ಚಮಚ ಬಾಯಿಗೆ ಮುಟ್ಟುವ ಮೊದಲೇ ತಲೆ ಬಟ್ಟಲಿಗೆ.

ಆದರೆ ಗಾಳಿಯ ತಿಂಗಳು, ದೇವರೇ.
ಆಗೆಲ್ಲ ಎರಡು ಲೀಟರು ಹಾಲು ಹೆಚ್ಚಿಗೆ ಕಾಯಿಸುತ್ತೇನೆ,
ಚೆಲ್ಲುವ ಪಾಲು ಅದು.

ಯೆರ್ಕೊ ಕಚ್ಚಲು ಶುರುಮಾಡಿದ್ದು ಆಗ.
ನಾಲ್ಕು ತುಂಬಿಲ್ಲ. ಮೊದಲು ಅಗುಸ್ತಿನಾಳ ಭುಜ,
ಆಮೇಲೆ ಮರದ ಕುದುರೆಯ ಕಿವಿ, ಮೂರನೆಯದು ನಾನು:
ಮಣಿಕಟ್ಟಿನ ಮೇಲೆ ಪುಟ್ಟ ಹಲ್ಲಿನ ಬಳೆ.
‘ಕಚ್ಚಬಾರದು’ ಎಂದೆ. ಅದು ಅವನಿಗೂ ಗೊತ್ತಿತ್ತು.
ಮೂಲೆಯಲ್ಲಿ ಕೂರಿಸಿದೆ. ಕೂತ.
ಎದ್ದು ಬಂದು ಕಿಟಕಿಗೆ ಗುದ್ದಿದ.
ನನಗೂ ತಲೆನೋವು; ದನಿ ಏರಿತು.
ಗಾಳಿ ನನ್ನೊಳಗೂ ಹೊಕ್ಕಿತ್ತು, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಅವನ ಪಕ್ಕ ನೆಲಕ್ಕೆ ಕೂತೆ, ತುಟಿ ಪಿಟಕ್ಕೆನ್ನದೆ,
ಅವನ ಎತ್ತರಕ್ಕೆ ಕಿವಿ ತಂದು.
ನಿಂತವರಿಗೆ ಅದು ಬರೀ ತಗಡಿನ ಸದ್ದು.
ಅಲ್ಲಿ, ಗೋಡೆಯ ಬುಡದಲ್ಲಿ, ಹಲಗೆಯ ಸೀಳಿನೊಳಗೆ
ಯಾರೋ ಉಸಿರೆಳೆಯುತ್ತಿದ್ದರು,
ನೀರು ಕುಡಿದವರ ಹಾಗೆ.
‘ಅಪ್ಪ ದೋಣೀಲಿದಾನೆ,’ ಎಂದ.
ಜುಲೈನಲ್ಲಿ ಏಡಿ ಹಿಡಿಯಲು ಹೋದವನು.
‘ಗಾಳಿಗೆ ಹೊಡೆದ್ರೆ ಅದು ಇಲ್ಲೇ ನಿಲ್ಲುತ್ತೆ.’

ವರದಿ ಪುಸ್ತಕದಲ್ಲಿ ನಾನು ‘ಹಟ’ ಎಂದು ಬರೆದಿದ್ದೆ.
ಹಿಂದಿನ ಪುಟಗಳನ್ನು ತಿರುವುವ ಧೈರ್ಯ ಬರಲಿಲ್ಲ.

‘ಗಾಳಿ ನಿಲ್ಲಲ್ಲ ಕಣೋ,’ ಎಂದೆ. ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.
‘ನಿನಗೆ ಆಗ್ತಿರೋದಕ್ಕೆ ಒಂದು ಹೆಸರಿದೆ. ಹೆದರಿಕೆ.’
ಹೊಸ ತಿಂಡಿಯಂತೆ ಆ ಪದವನ್ನು ಬಾಯಲ್ಲಿ ಹೊರಳಿಸಿದ,
ನುಂಗಲಿಲ್ಲ, ಉಗುಳಲೂ ಇಲ್ಲ.

ಬಟ್ಟೆ ಒಣಹಾಕುವ ಹಗ್ಗವನ್ನು ಬಾಗಿಲಿಂದ ಬೇಲಿಗೆ ಕಟ್ಟಿದೆ.
ಹನ್ನೊಂದು ಮಕ್ಕಳು ಅದನ್ನು ಹಿಡಿದು ನಿಂತು
ಗಾಳಿಯ ಬಾಯಿಗೆ ಬಾಯಿಟ್ಟು ಕಿರುಚಿದರು.
ಅಗುಸ್ತಿನಾಳ ಉಣ್ಣೆ ಟೋಪಿ ಕಿತ್ತುಕೊಂಡು
ಜಲಸಂಧಿಯ ಕಡೆಗೆ ಹಾರಿತು. ಅವಳು ಅಳಲು ಬಾಯಿ ತೆರೆದಳು.
‘ಹೋಗಲಿ ಬಿಡು,’ ಎಂದ ಯೆರ್ಕೊ, ‘ಅಪ್ಪಂಗೆ ಚಳಿ.’

ಮರುದಿನ ಮತ್ತೆ ಕಚ್ಚಿದ. ಅದನ್ನೂ ಹೇಳಬೇಕು.
ಅದರ ಮಾರನೆಯ ದಿನ ನನ್ನ ತೋಳಿನವರೆಗೆ ಬಂದ ಹಲ್ಲು
ಅಲ್ಲೇ ತಡೆದು ನಿಂತಿತು:
‘ತೀಯಾ, ಬರ್ತಾ ಇದೆ.’
ಕೋಟು ಕೂಡ ಹಾಕದೆ ಹಗ್ಗದ ಹತ್ತಿರ ಓಡಿದೆವು.

ಡಿಸೆಂಬರ್‌ನಲ್ಲಿ ಅಪ್ಪ ಬಂದ, ಉಪ್ಪಿಗೆ ಒಡೆದ ಕೈ ಚಾಚಿ.
ಓಡಿಹೋಗಿ ಅಪ್ಪಿಕೊಳ್ಳುತ್ತಾನೆಂದು ಎಲ್ಲರೂ ನೋಡುತ್ತ ನಿಂತರೆ
ಅವನು ನನ್ನ ಏಪ್ರನ್ನಿನ ಹಿಂದೆ.
ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಆ ಮನುಷ್ಯನಿಗೆ ತಿಳಿಯಲಿಲ್ಲ.
‘ಕೂತ್ಕೊಳ್ಳಿ,’ ಎಂದೆ, ‘ನಿಮ್ಮ ಗಾಳಿ ನಿಂತಿದೆ.
ಇವನದು ಇನ್ನೂ ಬೀಸ್ತಾ ಇದೆ.’
ಬೂಟು ಸಮೇತ ನೆಲದ ಮೇಲೆ ಕೂತ.

ಯೆರ್ಕೊ ಒಂದು ಮರದ ಚೆಂಡು ಎಸೆದ, ಸಿಟ್ಟಿನಿಂದಲೇ.
ಮೊಣಕಾಲಿಗೆ ತಾಗಿತು. ಅಪ್ಪ ಅದನ್ನು
ಮೆಲ್ಲಗೆ ಹಿಂದಕ್ಕೆ ಉರುಳಿಸಿದ.
ಮತ್ತೆ ಎಸೆದ,
ಎರಡು ಹೆಜ್ಜೆ ಹತ್ತಿರದಿಂದ.