ಲಾಡು ದ್ವೀಪ

ಗಣರಾಜ್ಯದ ದಿನ ಪಂಕ್ಚರ್ ಅಂಗಡಿಗೆ ರಜೆ.
ಇನ್ನಾಸಪ್ಪ ಬಾಡಿಗೆಗೆ ತಂದ ಹರಿಗೋಲಿನ ತಳಕ್ಕೆ
ಲಾರಿ ಟ್ಯೂಬಿನ ತೇಪೆ ಮೂರು,
ಅವನೇ ಹಾಕಿದ್ದು. ಅದಕ್ಕೇ ನನಗೆ ಭಯ.

ಹಾಯಿ ಬೇಕೆಂದು ಮಗಳ ಹಟ.
ಎರಡು ಬಿದಿರಿಗೆ ಕಟ್ಟಿದೆವು
ಕಳೆದ ಸಲ ಸೋತವರ ಫ್ಲೆಕ್ಸ್.
ಗಾಳಿ ಬಂದಾಗೆಲ್ಲ ಕೆನ್ನೆ ಉಬ್ಬುತ್ತಿತ್ತು,
ಮುಗಿದ ಕೈ ಮುಂದೆ, ನಾವು ಹಿಂದೆ.
"ಗೆದ್ದಿದ್ರೆ ಈ ಕಡೆ ಎಲ್ಲಿ ಬರ್ತಿದ್ರು" ಅಂದ ಇನ್ನಾಸ.

ಹರಿಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ.
ಹೇಮಾವತಿಯ ಮೇಲೆ ಒಂದು ಸುತ್ತು ತಿರುಗಿ ಹೊರಡುತ್ತದೆ,
ಹೊಸಿಲು ದಾಟಿದವಳು ಗ್ಯಾಸ್ ಆರಿಸಿದೆನಾ ಎಂದು
ಮತ್ತೆ ಒಳಗೆ ಹೋಗುವ ಹಾಗೆ.
ಫೋಟೋದವರೆಲ್ಲ ಮುಳುಗಿದ ಇಗರ್ಜಿಯ ಕಡೆ.
ನಾವು ಅದಕ್ಕೆ ಬೆನ್ನು ಹಾಕಿ.

ನೀರಿಳಿದು ತಲೆಯೆತ್ತಿದ ಗುಡ್ಡಕ್ಕೆಲ್ಲ
ಶೈನಿ ಗ್ರಾಫ್ ಪುಸ್ತಕದಲ್ಲಿ ಹೆಸರಿಡುತ್ತಾಳೆ.
ಮೊದಲನೆಯದು ಒಂಟಿ ಚಪ್ಪಲಿ ದ್ವೀಪ.
ಎಡಗಾಲಿನದು, ಪುಟ್ಟದು, ಗುಲಾಬಿ ಪಟ್ಟಿ.
ಯಾರೂ ಏನೂ ಕೇಳಲಿಲ್ಲ.
ಎರಡನೆಯದು ಜಮಖಾನದಷ್ಟೇ ಅಗಲ;
ಮಂಡಿಗೆ ಮಂಡಿ ತಾಗಿಸಿ ಚಿತ್ರಾನ್ನ ತಿಂದೆವು.
ಶಾಲೆಯಲ್ಲಿ ಕೊಟ್ಟದ್ದನ್ನು ಬಬ್ಲು ಬೀಳಿಸಿ ಅತ್ತದ್ದರಿಂದ
ಅದು ಲಾಡು ದ್ವೀಪ.

"ತೆಂಗಿನ ಮರ ಎಲ್ಲಿ?" ಅವನ ಹೊಸ ತಕರಾರು.
ಕ್ಯಾಲೆಂಡರಿನ ದ್ವೀಪದಲ್ಲಿ ಮರಳು ಹಳದಿ, ತೆಂಗು ಬಾಗಿದೆ.
ಇಲ್ಲಿರುವುದು ಒಂದೇ, ತಲೆಯಿಲ್ಲದ್ದು,
ನೀರಲ್ಲಿ ನೆಟ್ಟಗೆ.
ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ನಿಂತು
ಗರಿಯ ಕೆಲಸ ಮಾಡುತ್ತಿತ್ತು.

ಅತ್ತೆ ಜಪಮಾಲಮ್ಮ ಅಲ್ಲಿಯವರೆಗೆ ಮಾತಾಡಿರಲಿಲ್ಲ.
"ಎಡಕ್ಕೆ ತಗೊಳ್ಳೋ. ಅಲ್ಲಿ ಚೌರಪ್ಪನ ಬಾವಿ."
"ಬಾವಿ ಮೇಲೆ ಮೂರಾಳು ನೀರಿದೆ ಕಣವ್ವ."
"ಇರ್ಲಿ. ಬಾವಿ ಬಾವೀನೇ."
ಅವನು ಎಡಕ್ಕೆ ತಗೊಂಡ.

ಮೂರನೆಯದರ ನೆತ್ತಿಯಲ್ಲಿ ಒರಳು,
ಒಳಗೆ ಅಂಗೈಯಷ್ಟು ನೀರು, ಒಂದು ಗೊದಮೊಟ್ಟೆ.
ಅತ್ತೆ ಬೆರಳಿಟ್ಟು ಆಳ ನೋಡಿದಳು.
"ನಮ್ದಲ್ಲ. ಫಿಲೋಮಿನಂದು.
ಕೇಳಿದ್ರೆ ಒಂದಿನ ಕೊಟ್ಟೋಳಲ್ಲ."
ಅಂದವಳೇ ಸೆರಗಿಂದ ಅಂಚಿನ ಕೆಸರೊರೆಸಿದಳು,
ಒಳಗಿನ ನೀರು ತುಳುಕದ ಹಾಗೆ.
ಫಿಲೋಮಿನ ದ್ವೀಪ, ಎಂದು ಬರೆದಳು ಶೈನಿ.
"ಬೇಡ" ಅಂದಳು ಅಜ್ಜಿ.
ಸ್ವಲ್ಪ ಹೊತ್ತಿಗೆ, "ಇರ್ಲಿ, ಅಳಿಸ್ಬೇಡ."

ವಾಪಸಾಗುವಾಗ ಗಾಳಿ ಬಿದ್ದುಹೋಯಿತು.
ಫ್ಲೆಕ್ಸಿನ ಮುಖ ಮಡಿಚಿ ನನ್ನ ತೊಡೆ ಮೇಲೆ.
ಹುಟ್ಟು ಹಾಕಿ ಹಾಕಿ ಇನ್ನಾಸನ ರಟ್ಟೆ ಸೋತು
ನಿಂತಲ್ಲೇ ತಿರುಗುತ್ತಿದ್ದೆವು, ಹಿಟ್ಟಿಲ್ಲದ ಬೀಸುಕಲ್ಲಿನ ಹಾಗೆ.

"ಸುಮ್ನಿರೋ. ಇದೇ ಜಾಗ.
ಹಾಸನದ ಬಸ್ಸು ಇಲ್ಲೇ ನಿಲ್ತಿದ್ದಿದ್ದು."

ಸೊಂಟದ ಗಂಟು ಬಿಚ್ಚಿ ಚಿಲ್ಲರೆ ತೆಗೆದು
ಮುಷ್ಟಿಯಲ್ಲಿಟ್ಟುಕೊಂಡಳು.
ನಾನು ಚೀಲಗಳನ್ನು ಹತ್ತಿರ ಎಳೆದುಕೊಂಡೆ.
ಬಬ್ಲುವನ್ನು ನಡುವೆ ಕೂರಿಸಿ,
ಮೂರಾಳು ನೀರಿನ ಮೇಲೆ ಐದೂ ಜನ
ಒಂದೇ ದಿಕ್ಕಿಗೆ ಕತ್ತು ಚಾಚಿ
ಕಾದೆವು.